ಹಾಳೆ ತಿರುಗಿಸುವವನು

ಎರಡು ನಿಮಿಷ ಸಾಕು ಮೇಷ್ಟ್ರೇ, ಅಂದರು ಸಂಘದ ಕಾರ್ಯದರ್ಶಿ,
ಹುಟ್ಟಿದ್ದು, ಓದಿದ್ದು, ಯಾವ್ಯಾವ ದೇಶ, ಎಷ್ಟು ಪದಕ.
ಬರೆದೆ:
ಎಸ್ತರ್ ಜ್ಞಾನಸೌಂದರಿ, ಪಿಯಾನೋ ವಾದಕಿ,
ಜನನ ಚಾಂಪಿಯನ್ ರೀಫ್, ಕೋಲಾರದ ಚಿನ್ನದ ಗಣಿ,
ಲಂಡನ್ನಿನಲ್ಲಿ ಆರು ವರ್ಷ, ವಾರ್ಸಾದಲ್ಲಿ ಎರಡು,
ಕಛೇರಿ ಮಾಡಿದ್ದು ಮೂವತ್ತೊಂದು ದೇಶ.
ಬರೆದು, ಪೆನ್ನಿಗೆ ಮುಚ್ಚಳ ಹಾಕಲಾಗದೆ ಕೂತೆ.

ಅವಳ ತಾಯಿ ರಾಹೇಲಮ್ಮ ಕ್ಲಬ್ಬಿನಲ್ಲಿ ಕಸಮುಸುರೆ.
ಬಿಲಿಯರ್ಡ್ಸ್ ಮೇಜು ಒರೆಸು, ಆಶ್‌ಟ್ರೇ ತೊಳೆ,
ಕೊನೆಗೆ ಪಿಯಾನೋ. ಅದು ಮಗಳ ಪಾಲು.
ಸದ್ದಾದರೆ ಬಟ್ಲರ್ ಬರುತ್ತಾನೆ. ಅದಕ್ಕೇ
ಹಳದಿ ಫ್ಲಾನೆಲ್ಲಿನೊಳಗೆ ಬೆರಳು ಸುತ್ತಿ
ಒಂದೊಂದೇ ಮನೆ ಒತ್ತುವಳು, ಹಾಲಿನ ಕೆನೆ ಒಡೆಯದ ಹಾಗೆ.
ಒತ್ತಿದ್ದು ತಳ ಮುಟ್ಟಬೇಕು, ತಂತಿಗೆ ಗೊತ್ತಾಗಬಾರದು.
ಮುಂದೆ ಯಾವುದೋ ಊರಿನ ಪತ್ರಿಕೆ ಬರೆಯಿತಂತೆ
ಈ ವಾದ್ಯ ಇಷ್ಟು ಮೆಲ್ಲಗೆ ಮಾತಾಡಿದ್ದು ಕೇಳಿಲ್ಲವೆಂದು,
ಯಾವ ಗುರುವಿನ ಕಲಿಕೆ ಎಂದು.
ನಾನು ಬಲ್ಲೆ. ಬಟ್ಲರ್ ಪೊನ್ನುರಂಗಂ.

ಅಪ್ಪ ಚಿನ್ನಪ್ಪನ್‌ಗೆ ಎಂಟು ಸಾವಿರ ಅಡಿ ಕೆಳಗೆ ಟಿಂಬರ್ ಕೆಲಸ.
ಕಬ್ಬಿಣದ ಸರಳಿಂದ ತಲೆ ಮೇಲಿನ ಬಂಡೆ ತಟ್ಟುವುದು,
ಕಿವಿ ಕೊಡುವುದು.
ಠಣ್ ಅಂದರೆ ನಿಲ್ಲು,
ಡಬ್ ಅಂದರೆ ಓಡು.
ಭಾನುವಾರ ಚರ್ಚಿನಿಂದ ಬಂದವನು ಲೈನ್ ಮನೆಯಲ್ಲೂ ತಟ್ಟುತ್ತಿದ್ದ,
ಗೋಡೆ, ಬಾಗಿಲು, ಹಂಡೆ, ನನ್ನ ತಲೆ.
ಇದು ಡಬ್, ಎಂದು ನಗುತ್ತಿದ್ದ.
ಸೌಂದರಿ ಕಣ್ಣು ಮುಚ್ಚಿ ಹೇಳುವಳು
ಯಾವ ಹಂಡೆ, ಎಷ್ಟು ನೀರು.

ಮಿಸ್ ಹ್ಯಾಚರ್, ಅಸ್ಸೇ ಆಫೀಸಿನ ಟೈಪಿಸ್ಟ್,
ಶನಿವಾರ ಡ್ಯಾನ್ಸಿಗೆ ನುಡಿಸುವಾಕೆ,
ಒಂದು ದಿನ ಬಾಗಿಲಲ್ಲಿ ನಿಂತು ಆ ಸದ್ದಿಲ್ಲದ ಬೆರಳು ನೋಡಿದಳು.
ಬಟ್ಟೆ ತೆಗಿ, ಅಂದಳು.
ಅಷ್ಟೇ ದೀಕ್ಷೆ.

ನನಗೆ ಆಗ ಹನ್ನೊಂದು. ಆ ಸ್ವರಲಿಪಿ ನನಗೆ ಚೆಲ್ಲಿದ ಸಾಸಿವೆ.
ಅವಳು ಗದ್ದ ಆಡಿಸಿದಾಗ ಹಾಳೆ ತಿರುಗಿಸುವುದು ಉದ್ಯೋಗ,
ಸಂಬಳ ಒಂದು ಕಮ್ಮರ್‌ಕಟ್ಟು,
ಹೆಸರು ಪೇಜು.

ಆಗಾಗ ಭೂಮಿಯೊಳಗೆ ಬಂಡೆ ಸಿಡಿಯುತ್ತಿತ್ತು.
ತಟ್ಟೆ ಲೋಟ ಕುಣಿದು, ಕ್ಲಬ್ಬಿನ ದೀಪ ತೂಗಿ,
ಪಿಯಾನೋದ ಶ್ರುತಿ ಕಳಚಿ ಬೀಳುತ್ತಿತ್ತು.
ಸೈರನ್ ಕೂಗದಿದ್ದರೆ ಪಾಠ ಮುಂದುವರಿಯುವುದು.
ಕೂಗಿದ ದಿನ ಅವಳು ಶಾಫ್ಟಿನತ್ತ ಓಡಿದಳು,
ಹಾಳೆ ಹಿಡಿದುಕೊಂಡೇ ಹಿಂದೆ ನಾನು.
ಬೋನು ಮೇಲೆ ಬಂತು. ಮತ್ತೆ ಬಂತು.
ಮೂರನೆಯದರಲ್ಲಿ ಚಿನ್ನಪ್ಪನ್, ಎರಡು ಕಾಲ ಮೇಲೇ ನಿಂತಿದ್ದ,
ಕಿವಿ ಎರಡೂ ಕೆಳಗೇ ಬಿಟ್ಟು ಬಂದಿದ್ದ.
ಅಂದಿನಿಂದ ಪಿಯಾನೋದ ಬೆನ್ನಿಗೆ ಅಂಗೈ ಇಟ್ಟು ಕೂರುವನು.
ಅವಳು ಏನೇ ನುಡಿಸಲಿ,
ಠಣ್, ಅನ್ನುವನು.

ಆಮೇಲೆ ವಿದ್ಯಾರ್ಥಿವೇತನ, ಹಡಗು, ಪದಕ.
ಅದೆಲ್ಲ ಎರಡು ನಿಮಿಷದೊಳಗೆ ಹಿಡಿಯುತ್ತದೆ.

ಇವತ್ತು ರಾಬರ್ಟ್‌ಸನ್‌ಪೇಟೆಯ ಶಾಲೆಯ ಹಾಲು.
ಬೆಂಗಳೂರಿನ ಬಾಡಿಗೆ ಪಿಯಾನೋ, ಲಾರಿಯಲ್ಲಿ, ಹಾಸಿಗೆ ಸುತ್ತಿಕೊಂಡು,
ಬಾಣಂತಿಯಂತೆ ಬಂತು.
ಹೊರಗೆ ಸೈನೈಡ್ ದಿಬ್ಬದ ಬಿಳಿ ಧೂಳು.
ಶ್ರುತಿ ಮಾಡಿದವನು, ಇನ್ನು ಯಾರೂ ಅಲುಗಿಸಬೇಡಿ, ಅಂದ.
ಯಾರಪ್ಪಾ ಅಲುಗಿಸುವವರು, ಗಣಿಯ ತುಂಬ ನೀರು,
ಭೂಮಿಗೂ ಕೆಲಸ ಹೋಗಿ ಇಪ್ಪತ್ತು ವರ್ಷ ದಾಟಿತು.

ಎಪ್ಪತ್ತರ ಸೌಂದರಿ ಸ್ಟೇಜು ಹತ್ತಿ,
ಕೂರುವ ಮೊದಲು ಬೆರಳ ಗೆಣ್ಣಿಂದ ಹಲಗೆ ತಟ್ಟಿ
ಕಿವಿ ಕೊಟ್ಟಳು. ಏನೋ ಶಾಸ್ತ್ರ ಅಂದುಕೊಂಡರು ಜನ.
ಮುಂದೆ ಪುಸ್ತಕ ತೆರೆದಿತ್ತು. ಅವಳಿಗೆ ಬೇಕಿಲ್ಲ, ಎಲ್ಲ ಬಾಯಿಪಾಠ.
ನಾನು ಪಕ್ಕದ ಸ್ಟೂಲಿನಲ್ಲಿ, ಕನ್ನಡಕ ಮನೆಯಲ್ಲಿ.
ಸಾಸಿವೆಯೂ ಕಾಣದು.

ಗದ್ದ ಆಡಿತು.
ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟೆ.
ನುಡಿಸುತ್ತಲೇ, ತುಟಿ ಅಲುಗದ ಹಾಗೆ,
ತಮಿಳಿನಲ್ಲಿ ಬೈದಳು.